ಬಡವರ ಮೇಕಪ್

ಹೋದ ತಿಂಗಳು ಮೈಸೂರಿನ ನಮ್ಮ ಶ್ರೀರಾಂಪುರದಲ್ಲೇ ಹೊಸದಾಗಿ ಶುರುವಾಗಿರುವ ಮೇಕಪ್ ತರಬೇತಿ ಕೇಂದ್ರವೊಂದಕ್ಕೆ ನನ್ನನ್ನು ಮಾತಾಡಲು ಕರೆದಿದ್ದರು. ಮೂವತ್ತೆಂಟು ವರ್ಷ ಸಿನಿಮಾದವರ ಮುಖಕ್ಕೆ ಬಣ್ಣ ಹಚ್ಚಿದವನು ಎಂದು ಪರಿಚಯ ಮಾಡಿಕೊಟ್ಟರು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ನೋಟ್ ಪುಸ್ತಕ ಬಿಡಿಸಿಕೊಂಡು ಎದ್ದು ನಿಂತಳು.

"ಸಾರ್, ಬಡವರ ಮೇಕಪ್ ಹೆಂಗ್ ಮಾಡದು?"

"ಮೈಬಣ್ಣ ಎರಡು ಶೇಡ್ ಇಳಿಸಿ. ಕಣ್ಣಿನ ಕೆಳಗೆ ಕಂದು ಎಳೀರಿ. ಎಣ್ಣೆ ಸ್ವಲ್ಪ ಜಾಸ್ತಿ ಇರಲಿ," ಅಂದೆ. ಯೋಚಿಸಲೇ ಇಲ್ಲ, ನಾಲಿಗೆ ತಾನಾಗಿ ಹೇಳಿಬಿಟ್ಟಿತು. ಎಲ್ಲರೂ ಬರೆದುಕೊಂಡರು. ಬರೆದುಕೊಳ್ಳುತ್ತಿದ್ದವರಲ್ಲಿ ನಾಲ್ಕೈದು ಜನ ನಾನು ಹೇಳಿದ ಆ ಇಳಿಸಿದ ಶೇಡಿನವರೇ. ಅವರೂ ತಲೆ ಬಗ್ಗಿಸಿ ಬರೆದುಕೊಂಡರು.

ಮನೆಗೆ ನಡೆದು ಬರುವಾಗ, ಇವರಿಗೆ ಹೇಳಬೇಕಾದದ್ದು ಇದಲ್ಲ ಅನ್ನಿಸಿತು. ಅದಕ್ಕೇ ಬರೆಯಲು ಕೂತಿದ್ದೇನೆ. ಯಾವ ದೊಡ್ಡ ನಟರ ಮುಖ ಮುಟ್ಟಿದೆ, ಯಾವ ಯಾವ ಊರು ಸುತ್ತಿದೆ ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದರಿಂದ ಈ ಕೆಲಸಕ್ಕೆ ಬರುವವರು ಕಲಿಯುವುದು ಏನೂ ಇಲ್ಲ.

ನನ್ನ ಹೆಸರು ಶಿವಸ್ವಾಮಿ. ನಮ್ಮ ತಂದೆ ಮಾರುಕಟ್ಟೆಯ ಹತ್ತಿರ ವಿಭೂತಿ, ಕರ್ಪೂರ, ರುದ್ರಾಕ್ಷಿ ಮಾರುವ ಸಣ್ಣ ಅಂಗಡಿ ಇಟ್ಟಿದ್ದರು. ಒಂದೆರಡು ಮಠಗಳಿಗೂ ಸಾಮಾನು ಕಳಿಸುತ್ತಿದ್ದರು. ಅಂಗಡಿಯಲ್ಲಿ ಕೂರಲು ಒಲ್ಲದೆ ನಾನು ಹವ್ಯಾಸಿ ನಾಟಕ ತಂಡಗಳಿಗೆ ಬಣ್ಣ ಹಚ್ಚುತ್ತಿದ್ದೆ. ಆ ದಿನಗಳಲ್ಲಿ ಮೈಸೂರಿನಲ್ಲಿ ಒಂದಲ್ಲ ಒಂದು ಶೂಟಿಂಗ್ ಸದಾ ಇರುತ್ತಿತ್ತು. ಮುಖ್ಯ ಮೇಕಪ್ ಮ್ಯಾನ್ ಗೋವಿಂದಣ್ಣನವರಿಗೆ ಸಹಾಯಕರು ಬೇಕಾಗಿದ್ದಾರೆ ಎಂದು ಕೇಳಿ ಹೋದೆ. ಅವರು ನನ್ನ ಕೈಕೆಲಸ ನೋಡಲಿಲ್ಲ. ಹಣೆಯ ವಿಭೂತಿ ನೋಡಿದರು.

"ಒಳ್ಳೆ ಮನೆಯವನ ಥರ ಕಾಣ್ತೀಯ. ಹೀರೋಯಿನ್‌ಗಳ ತಾಯಂದ್ರು ತಕರಾರು ತೆಗೆಯಲ್ಲ. ನಾಳೆಯಿಂದ ಬಾ," ಅಂದರು.

ಅದೇ ದಿನ ಇನ್ನೊಬ್ಬನೂ ಕೆಲಸ ಕೇಳಿಕೊಂಡು ಬಂದಿದ್ದ. ನಾಟಕಗಳಲ್ಲಿ ಅವನು ಗಡ್ಡ ಮೀಸೆ ಅಂಟಿಸುತ್ತಿದ್ದುದನ್ನು ನಾನು ನೋಡಿದ್ದೆ. ನನಗಿಂತ ನೂರು ಪಾಲು ವಾಸಿ. ಅವನ ಊರು ಯಾವುದು, ಕೇರಿ ಯಾವುದು, ಅಪ್ಪ ಏನು ಮಾಡುತ್ತಾನೆ ಎಂದೆಲ್ಲ ವಿಚಾರಿಸಿದ ಗೋವಿಂದಣ್ಣ, "ಹೇಳಿ ಕಳಿಸ್ತೀನಿ" ಅಂದರು. ಹೇಳಿ ಕಳಿಸಲಿಲ್ಲ. ಅದನ್ನು ನಾನು ನನ್ನ ಅದೃಷ್ಟ ಎಂದುಕೊಂಡೆ. ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದೆ.

ಗೋವಿಂದಣ್ಣ ಕೆಟ್ಟವರಲ್ಲ. ತಮ್ಮ ಊಟದಲ್ಲಿ ನನಗೆ ಪಾಲು ಕೊಟ್ಟು ಕೆಲಸ ಕಲಿಸಿದರು. ಮದ್ರಾಸಿನ ಸ್ಟುಡಿಯೊಗಳಲ್ಲಿ ಪಳಗಿದ ಕೈ ಅವರದು. ಅವರ ಪಾಠ ಒಂದೇ ಆಗಿತ್ತು: "ಮುಖ ನೋಡಿದ ತಕ್ಷಣ ಇವನು ಯಾರು ಅಂತ ಜನಕ್ಕೆ ಗೊತ್ತಾಗ್ಬೇಕು ಕಣೋ. ಟಿಕೆಟ್ ತಗೊಂಡು ಬಂದೋರಿಗೆ ಯೋಚನೆ ಮಾಡೋ ಕೆಲಸ ಕೊಡಬಾರದು." ಜಮೀನುದಾರರ ಮನೆಯವರಿಗೆ ಗುಲಾಬಿ ಬೆರೆಸಿದ ಬಣ್ಣ. ಗುಮಾಸ್ತನಿಗೆ ಗೋಧಿ ಬಣ್ಣ. ಕೂಲಿಯವನಿಗೆ ಕಂದು. ಕಳ್ಳನಿಗೂ ಕುಡುಕನಿಗೂ ಅದಕ್ಕಿಂತ ಗಾಢ. ರೌಡಿಗೆ ಕೆನ್ನೆಯ ಮೇಲೊಂದು ಗಾಯ. ಕೂಲಿಯವನ ಮಗ ಓದಿ ದೊಡ್ಡ ಅಧಿಕಾರಿಯಾದರೆ ಮುಂದಿನ ದೃಶ್ಯದಲ್ಲಿ ಅವನ ಬಣ್ಣ ತಿಳಿಯಾಗಬೇಕು. ಅಧಿಕಾರಿಯಾದರೆ ಮೈಬಣ್ಣ ಹೇಗೆ ಬದಲಾಗುತ್ತದೆ ಎಂದು ನಾನು ಕೇಳಲಿಲ್ಲ. ಒಂದು ಸಲ ಮಾತ್ರ, "ಅಣ್ಣ, ದೇವರು ಕಪ್ಪಗಿದ್ರೆ?" ಎಂದು ಕೇಳಿದೆ. "ಅದಕ್ಕೆ ನೀಲಿ ಡಬ್ಬಿ ಇಲ್ವೇನೋ?" ಎಂದು ನಕ್ಕರು. ನಾನೂ ನಕ್ಕೆ.

ಈ ಪಾಠ ಪರದೆಯ ಮೇಲೆ ನಿಲ್ಲುವುದಿಲ್ಲ, ಬೀದಿಗೂ ಇಳಿಯುತ್ತದೆ ಎಂದು ಮೊದಲು ತೋರಿಸಿಕೊಟ್ಟವನು ಬಸವರಾಜು. ಕಡಕೊಳದ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ. ಯಂತ್ರದಿಂದ ತಗಡಿನ ಚೂರು ಹಾರಿ ಎಡಗೆನ್ನೆ ಕಿವಿಯಿಂದ ತುಟಿಯವರೆಗೆ ಸೀಳಿತ್ತು. ಹೊಲಿಗೆಯ ಗುರುತು ದಪ್ಪಗೆ ಉಳಿದಿತ್ತು. ರಜೆಯ ದಿನ ಶೂಟಿಂಗಿಗೆ ಬಂದರೆ ಅವನಿಗೆ ಒಂದೇ ಪಾತ್ರ, ರೌಡಿಯ ಹಿಂದೆ ನಿಲ್ಲುವ ಇನ್ನೊಬ್ಬ ರೌಡಿ. ನಾನು ಆ ಗಾಯದ ಅಂಚಿಗೆ ಕೆಂಪು ತುಂಬಿ, ನಡುವೆ ಕಪ್ಪು ಎಳೆದು ಇನ್ನಷ್ಟು ಎದ್ದು ಕಾಣುವ ಹಾಗೆ ಮಾಡುತ್ತಿದ್ದೆ. ಅವನೋ ಇರುವೆ ಕಂಡರೂ ಸುತ್ತು ಹಾಕಿಕೊಂಡು ಹೋಗುವ ಮನುಷ್ಯ.

ಒಂದು ದಿನ ಮೇಕಪ್ಪಿಗೆ ಕೂತವನು ಬಾಡಿಗೆ ಮನೆ ನೋಡಲು ಹೋಗಿದ್ದ ಸುದ್ದಿ ಹೇಳಿದ.

"ಮನೆಯೋರು ಕಾಫಿ ಎಲ್ಲ ಕೊಟ್ರು ಸ್ವಾಮಿಯೋರೆ. ನಿಮ್ಮನ್ನ ಎಲ್ಲೋ ನೋಡಿವ್ನಿ ಅಂದ್ರು. ನಾನು ಖುಷಿಗೆ ಸಿನಿಮಾ ಹೆಸರು ಹೇಳ್ಬುಟ್ಟೆ. ಒಳಗೋಗಿ ಎಂಡ್ತಿ ಜೊತೆ ಮಾತಾಡ್ಕಂಡು ಬಂದ್ರು. ಸಂಸಾರಸ್ಥರಿರೋ ಬೀದಿ ಕಣಪ್ಪ, ಬೇರೆ ಕಡೆ ನೋಡ್ಕೋ ಅಂದ್ಬುಟ್ರು."

"ನೀನೂ ಸಂಸಾರಸ್ಥನೇ ಅಲ್ವೇನಯ್ಯ? ಹೇಳ್ಬೇಕಿತ್ತು."

"ಏಳ್ದೆ. ಗಾಯ ಎಂಗಾಯ್ತು ಅಂತ್ಲೂ ಏಳ್ದೆ. ಅವ್ರು ನನ್ ಕೆನ್ನೆ ನೋಡ್ತಿದ್ರೇ ಹೊರತು ಮಾತು ಕೇಳ್ಲಿಲ್ಲ."

ಇಷ್ಟು ಹೇಳಿ ಅವನು ಮುಖ ಎತ್ತಿ ಕೊಟ್ಟ. ನಾನು ಆವತ್ತೂ ಕೆಂಪು ತುಂಬಿದೆ. ಆ ಮನೆಯ ಯಜಮಾನರನ್ನು ಮನಸ್ಸಿನಲ್ಲಿ ಬೈದುಕೊಳ್ಳುತ್ತಲೇ ತುಂಬಿದೆ. ಅವರಿಗೆ ಆ ಕೆನ್ನೆಯನ್ನು ಓದಲು ಕಲಿಸಿದವನು ನಾನೇ ಎಂಬುದು ಹೊಳೆಯಲಿಲ್ಲ.

ಮಗಳ ಮದುವೆಗೆ ಬಸವರಾಜು ಗಾಯ ಮುಚ್ಚಿಕೊಡಲು ಕೇಳಿದ. ಬೀಗರ ಮುಂದೆ ನಿಲ್ಲಬೇಕು, ಫೋಟೊಗೆ ನಿಲ್ಲಬೇಕು ಅಂದ. ಛತ್ರದ ಕೋಣೆಯೊಂದರಲ್ಲಿ ಒಂದು ಗಂಟೆ ಕೂತು, ಮೇಣ ತುಂಬಿ, ಬಣ್ಣ ಹೊಂದಿಸಿ, ಗುರುತೇ ಸಿಗದ ಹಾಗೆ ಮುಚ್ಚಿದೆ. ನನ್ನ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು. ಅಪ್ಪನನ್ನು ಕರೆಯಲು ಬಂದ ಮಗಳು ಬಾಗಿಲಲ್ಲೇ ನಿಂತಳು. "ಯಾರಪ್ಪ ಇದು? ಒರೆಸ್ಕೊಂಡು ಬಾ," ಅಂದಳು. ಅವನು ನನ್ನ ಮುಖ ನೋಡಿದ. ನಾನು ಎಣ್ಣೆ, ಬಟ್ಟೆ ಕೊಟ್ಟೆ. ಧಾರೆಗೆ ಅವನು ತನ್ನ ಮುಖದಲ್ಲೇ ಕೂತ.

ಇನ್ನು ಸುಜಾತಾಳ ವಿಷಯ. ಇದನ್ನು ಹೇಳಲು ಇಷ್ಟು ಸುತ್ತಿ ಬಂದೆ.

ಅದು ಫಿಲಂ ರೀಲಿನ ಕಾಲದ ಕೊನೆ. ಆ ಹೊತ್ತಿಗೆ ಗೋವಿಂದಣ್ಣ ತೀರಿಕೊಂಡಿದ್ದರು, ನಾನೇ ಮುಖ್ಯಸ್ಥನಾಗಿದ್ದೆ. ಹೆಸರು ಮಾಡಿದ ನಿರ್ದೇಶಕರೊಬ್ಬರು ಮೈ ಕಪ್ಪಗಿರುವ ಕಾರಣಕ್ಕೆ, ಬಡಕೇರಿಯವಳಾದ ಕಾರಣಕ್ಕೆ ಹೋದಲ್ಲೆಲ್ಲ ಅವಮಾನಪಡುವ ಹುಡುಗಿಯೊಬ್ಬಳ ಕಥೆಯನ್ನು ಚಿತ್ರ ಮಾಡಲು ಹೊರಟರು. ಅವರ ಕಾಳಜಿ ನಿಜವಾದದ್ದು. ಕಥೆ ಓದಿ ಹೇಳುವಾಗ ಅವರು ನಡುವೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಆದರೆ ಹಣ ಹಾಕುವವರಿಗೆ ಹೆಸರಿರುವ ನಾಯಕಿ ಬೇಕಿತ್ತು. ಮುಂಬೈಯಿಂದ ಒಬ್ಬಳನ್ನು ಕರೆಸಿದರು. ಹಾಲಿನಂಥ ಬಣ್ಣ. ಅದನ್ನು ಇಳಿಸುವುದು ನನ್ನ ಕೆಲಸ.

ಮೊದಲ ಎರಡು ಸಲ ಹಚ್ಚಿದ್ದು ಮಸಿ ಬಳಿದ ಹಾಗೆ ಕಂಡಿತು. ನಿರ್ದೇಶಕರು ಒಪ್ಪಲಿಲ್ಲ. "ನಿಜವಾದ ಬಣ್ಣ ಬೇಕು ಸ್ವಾಮಿ. ಒಬ್ಬಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೊಂದಿಸಿ," ಅಂದರು. ಸಹ ಕಲಾವಿದರಲ್ಲಿ ಹುಡುಕಿ ಸಹಾಯಕ ನಿರ್ದೇಶಕ ಕರೆತಂದವಳು ಸುಜಾತಾ. ಮನೆ ಸಿದ್ಧಾರ್ಥನಗರದಲ್ಲಿ. ತಂದೆ ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರ್. ಹಳ್ಳಿಯಿಂದ ಬಂದು ನಗರದಲ್ಲಿ ನೆಲೆ ನಿಂತ ಬೌದ್ಧ ಕುಟುಂಬ. ಅವಳು ಬಿ.ಎ. ಮುಗಿಸಿ, ನಾಟಕಗಳಲ್ಲಿ ಮುಖ್ಯ ಪಾತ್ರಗಳನ್ನೇ ಮಾಡುತ್ತಿದ್ದಳು. ಪಾತ್ರಕ್ಕೆಂದು ಕರೆದಿದ್ದಾರೆ ಎಂದುಕೊಂಡು, ಬರುವಾಗ ದಾರಿಯುದ್ದಕ್ಕೂ ಮಾತು ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಎರಡು ಕುರ್ಚಿ ಹಾಕಿಸಿದೆ. ಒಂದರಲ್ಲಿ ನಾಯಕಿ, ಇನ್ನೊಂದರಲ್ಲಿ ಸುಜಾತಾ. ಸುಜಾತಾಳ ಕೆನ್ನೆ ನೋಡುವುದು, ಬಣ್ಣ ಬೆರೆಸುವುದು, ನಾಯಕಿಯ ಕೆನ್ನೆಗೆ ಹಚ್ಚುವುದು. ಮತ್ತೆ ಅವಳ ಹಣೆ ನೋಡುವುದು, ಇವಳ ಹಣೆಗೆ ಹಚ್ಚುವುದು. ಕುತ್ತಿಗೆ, ಕೈ, ಪಾದ. ಅರ್ಧ ದಿನ ಹಿಡಿಯಿತು. ನಡುವೆ ಒಂದು ಸಲ ಸುಜಾತಾ, ಜೋರಾಗಿ ಅಲ್ಲ, ನನ್ನೊಬ್ಬನಿಗೇ ಕೇಳುವ ಹಾಗೆ ಅಂದಳು:

"ನಾನೇ ಇದೀನಲ್ಲ ಸಾರ್. ಇವರಿಗ್ಯಾಕೆ ಇಷ್ಟ್ ಕಷ್ಟಪಟ್ಟು ಹಚ್ತೀರಿ?"

"ಸುಮ್ನೆ ಕೂತ್ಕೊಳಮ್ಮ, ಅಲ್ಲಾಡಬೇಡ," ಅಂದೆ.

ನಾಯಕಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಏನೋ ಅರ್ಥವಾಗಿರಬೇಕು. ಸುಜಾತಾಳ ಕಡೆ ನೋಡದೆ ಬಗ್ಗಿ ತನ್ನ ಪಾದ ನೋಡುತ್ತ ಕೂತಳು.

ಕಡಕೊಳದ ಆಚೆ ಬಯಲಿನಲ್ಲಿ ಕೇರಿಯ ಸೆಟ್ ಹಾಕಿದ್ದರು. ಗೋಡೆಗಳಿಗೆ ಹಳೆ ಎಂಜಿನ್ ಎಣ್ಣೆ ಬಳಿದು ಕೊಳಕು ಮಾಡಿದ್ದರು. ಕೇರಿಯ ಗುಂಪಿನಲ್ಲಿ ನಿಲ್ಲಲು ವಸ್ತ್ರ ವಿಭಾಗದವರು ಹರಿದ ಸೀರೆ ಕೊಟ್ಟಾಗ ಸುಜಾತಾ, "ನಮ್ಮಮ್ಮ ಹರಿದಿದ್ದು ಉಟ್ಕೊಂಡು ಹೊಸಿಲು ದಾಟಿದ್ದನ್ನ ನಾನು ನೋಡೇ ಇಲ್ಲ. ಇದ್ದಿದ್ದು ಎರಡೇ ಆದ್ರೂ ಒಗೆದು, ಹೊಲಿದು ಉಡ್ತಿದ್ರು," ಅಂದಳು. "ನಿಮ್ಮಮ್ಮ ಸಿನಿಮಾದಲ್ಲಿ ಇಲ್ವಲ್ಲಮ್ಮ" ಎಂದು ಅವರು ನಕ್ಕರು. ಅವಳು ಸೀರೆ ತೆಗೆದುಕೊಂಡು ಹೋದಳು.

ನಾಯಕಿಯ ಬಾಯಲ್ಲಿ ಮಾತು ಹೊರಳುತ್ತಿರಲಿಲ್ಲ. ಸುಜಾತಾ ಕ್ಯಾಮೆರಾದ ಪಕ್ಕ ನಿಂತು ಒಂದೊಂದೇ ಸಾಲು ಹೇಳಿಕೊಡುತ್ತಿದ್ದಳು. ಹೇಳಿಕೊಡುವಾಗ ಅವಳ ಮುಖದಲ್ಲಿ ಬಂದು ಹೋಗುತ್ತಿದ್ದುದನ್ನು ಲೈಟ್ ಹಿಡಿದವರೂ ಕೆಲಸ ಬಿಟ್ಟು ನೋಡುತ್ತಿದ್ದರು. ನಾಲ್ಕನೆಯ ದಿನ ನಿರ್ದೇಶಕರು ನನ್ನ ಮೇಕಪ್ ಟೆಂಟಿಗೆ ಬಂದರು.

"ಸ್ವಾಮಿ, ನಾಯಕಿ ತಂಗಿ ಪಾತ್ರಕ್ಕೆ ಈ ಹುಡುಗಿನೇ ಹಾಕೋಣ ಅಂತಿದೀನಿ. ನಾಲ್ಕು ಸೀನಿದೆ, ಒಳ್ಳೆ ಮಾತಿದೆ. ನಿಮಗೇನನ್ಸತ್ತೆ?"

ಈಗ ನಾನು ಹೇಳುವುದನ್ನು ಈ ಕೆಲಸಕ್ಕೆ ಬರುವವರು ಗಮನವಿಟ್ಟು ಓದಬೇಕು. ನನ್ನ ಮನಸ್ಸಿಗೆ ಮೊದಲು ಬಂದದ್ದು ಅವಳ ನಟನೆಯಲ್ಲ, ನನ್ನ ಮೇಕಪ್. ಅಕ್ಕ ತಂಗಿ ಪಕ್ಕಪಕ್ಕ ನಿಂತರೆ ಒಂದು ನಿಜವಾದ ಮುಖ, ಇನ್ನೊಂದು ಬಳಿದ ಬಣ್ಣ ಎಂಬುದು ನೋಡಿದವರಿಗೆ ಗೊತ್ತಾಗಿಬಿಡುತ್ತದೆ. ಆ ಹುಡುಗಿ ಪಕ್ಕದಲ್ಲಿ ಇಲ್ಲದಿದ್ದರೆ ಮಾತ್ರ ನನ್ನ ಕೆಲಸ ನಿಜದಂತೆ ಕಾಣುತ್ತದೆ. ಆದರೆ ಹಾಗೆ ಹೇಳಲಾಗುತ್ತದೆಯೇ?

"ಆಗಲ್ಲ ಸಾರ್," ಅಂದೆ. "ಆ ಮುಖ ಲೈಟ್ ಹಿಡಿಯಲ್ಲ. ಕ್ಯಾಮೆರಾದಲ್ಲಿ ಬರೀ ಕಣ್ಣು, ಹಲ್ಲು ಬರತ್ತೆ. ಬೇಡ."

ಇಪ್ಪತ್ತು ವರ್ಷದ ಅನುಭವದವನು ಹೇಳಿದ ಮೇಲೆ ಅವರು ಇನ್ನೊಬ್ಬರನ್ನು ಕೇಳಲಿಲ್ಲ. ತಂಗಿಯ ಪಾತ್ರಕ್ಕೆ ಬೆಂಗಳೂರಿನಿಂದ ಒಬ್ಬಳು ಬಂದಳು. ಅವಳಿಗೂ ಅದೇ ಡಬ್ಬಿಯಿಂದ ಹಚ್ಚಿದೆ.

ಚಿತ್ರ ಮುಗಿದ ಮೇಲೆ ನಾಯಕಿಗೆ ಕಂಠ ಕೊಡಲು ಸುಜಾತಾಳನ್ನೇ ಕರೆಸಿಕೊಂಡರು. ಹೆಸರು ಹಾಕುವಾಗ ಅವಳದನ್ನು ಮರೆತರು. ಚಿತ್ರವನ್ನು ಎಲ್ಲರೂ ಹೊಗಳಿದರು. ನಾಯಕಿಗೆ ಪ್ರಶಸ್ತಿ ಬಂತು. ಬಣ್ಣ ಎಷ್ಟು ಸಹಜವಾಗಿದೆ ಎಂದು ನನಗೂ ಶಾಲು ಹೊದಿಸಿದರು. ಹೊದಿಸಿಕೊಂಡೆ.

ನಮ್ಮ ಊರಿನ ಚಿತ್ರಮಂದಿರದಲ್ಲಿ ಮಧ್ಯಾಹ್ನದ ಆಟಕ್ಕೆ ಹೋಗಿದ್ದೆ. ನನ್ನ ಮುಂದಿನ ಸಾಲಿನಲ್ಲಿ ಸುಜಾತಾ ತನ್ನ ತಾಯಿಯನ್ನು ಕರೆದುಕೊಂಡು ಬಂದು ಕೂತಿದ್ದಳು. ಪರದೆಯ ಮೇಲೆ ನಾಯಕಿ ಮೊದಲ ಮಾತಾಡಿದಳು. ಆ ತಾಯಿ ಧಡಕ್ಕನೆ ಮುಂದಕ್ಕೆ ಬಾಗಿದರು. ಎರಡನೆಯ ಮಾತಿಗೆ ಎದ್ದೇ ನಿಂತರು.

"ನನ್ ಮಗಳ ಮಾತು ಕಣ್ರಪ್ಪ ಅದು! ಇವಳದ್ದಲ್ಲ, ನನ್ ಮಗಳ್ದು!"

ಹಿಂದಿನಿಂದ ಯಾರೋ, "ಕೂತ್ಕೊಳಮ್ಮ, ಕಾಣ್ತಿಲ್ಲ" ಎಂದು ಕೂಗಿದರು. ಇನ್ಯಾರೋ ಶಿಳ್ಳೆ ಹಾಕಿದರು. ಸುಜಾತಾ ತಾಯಿಯ ಕೈ ಹಿಡಿದು ಕೂರಿಸಿದಳು. "ಸುಮ್ನಿರಮ್ಮ, ಅದು ಹಂಗೇ" ಎಂದದ್ದು ನನಗೆ ಕೇಳಿಸಿತು. ಪರದೆಯ ಮೇಲೆ ನಾಯಕಿಯನ್ನು ಯಾರೋ ಬಣ್ಣದ ಕಾರಣಕ್ಕೆ ಮನೆಯಿಂದ ಹೊರಗೆ ಹಾಕುತ್ತಿದ್ದರು. ಚಿತ್ರಮಂದಿರದ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಮಧ್ಯಂತರದಲ್ಲಿ ಎದ್ದು ಬಂದೆ.

ಅಲ್ಲಿಂದ ಮುಂದೆ ಕೆಲಸದ ರೀತಿಯೇ ಬದಲಾಯಿತು. ದಪ್ಪಗೆ ಬಳಿಯುತ್ತಿದ್ದ ಪ್ಯಾನ್‌ಕೇಕ್ ಬಣ್ಣ ಹೋಯಿತು. ಫಿಲಂ ಹೋಗಿ ಡಿಜಿಟಲ್ ಬಂತು. ಕೂದಲಿನ ಬುಡದಲ್ಲಿ ಉಳಿದ ಒಂದು ಚೂರು ಬಣ್ಣವೂ ಮಾನಿಟರಿನಲ್ಲಿ ಕಾಣುವಂತಾಯಿತು. ನಮ್ಮ ಎಷ್ಟೋ ಜಾಣತನಗಳು ಅಲ್ಲಿಗೆ ಮುಗಿದವು. ಹಳಬರು ಗೊಣಗಿದರು, ನಾನು ಹೊಸದಾಗಿ ಕಲಿತೆ. ಕಲಿತರೂ ಶೂಟಿಂಗಿನವರು ಫೋನಿನಲ್ಲಿ ಇಡುತ್ತಿದ್ದ ಬೇಡಿಕೆಗಳು ಮಾತ್ರ ಬದಲಾಗಲಿಲ್ಲ. 'ಕ್ಲಾಸ್ ಮುಖ ಹತ್ತು, ಮಾಸ್ ಮುಖ ಇಪ್ಪತ್ತು' ಎಂದು, ಅಂದರೆ ಉಳ್ಳವರಂತೆ ಕಾಣುವವರು ಹತ್ತು, ಬಡವರಂತೆ ಕಾಣುವವರು ಇಪ್ಪತ್ತು ಎಂದು, ಸಹ ಕಲಾವಿದರನ್ನು ಒದಗಿಸುವ ಏಜೆಂಟರಿಗೆ ಹೇಳುವುದು ಕೊನೆಯವರೆಗೂ ಕೇಳಿಸುತ್ತಲೇ ಇತ್ತು.

ನಾನು ಕೆಲಸ ಬಿಡುವ ಮುಂಚಿನ ಕೊನೆಯ ಚಿತ್ರ ಸಣ್ಣದು. ಎಳೆಯರ ತಂಡ. ಸಿದ್ಧಾರ್ಥನಗರದ ಮನೆಯೊಂದರಲ್ಲಿ ಚಿತ್ರೀಕರಣ. ತಾಯಿಯ ಪಾತ್ರವೇ ಮುಖ್ಯ, ಅದನ್ನು ಮಾಡುವವರು ನಾಟಕದ ಮೇಡಂ ಒಬ್ಬರು ಎಂದಿದ್ದರು. ಬೆಳಿಗ್ಗೆ ಬಾಗಿಲಲ್ಲಿ ಕಂಡವಳು ಸುಜಾತಾ. ನಲವತ್ತು ದಾಟಿತ್ತು. ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದರು. ಬಹುವಚನ ತಾನಾಗಿಯೇ ಬಂತು.

"ಗುರುತು ಸಿಕ್ತಾ ಸಾರ್?" ಅಂದರು.

"ಸಿಕ್ತಮ್ಮ."

ಲೈಟ್ ಪರೀಕ್ಷೆಗೆ ಬಣ್ಣವಿಲ್ಲದೆ ಕಿಟಕಿಯ ಎದುರು ಅವರನ್ನು ಕೂರಿಸಿದರು. ಕ್ಯಾಮೆರಾ ಹಿಡಿದಿದ್ದವಳು ಇಪ್ಪತ್ತೈದರ ಹುಡುಗಿ. ಮಾನಿಟರ್ ನೋಡಿ, "ಸಾರ್, ಬನ್ನಿ ಇಲ್ಲಿ! ಎಷ್ಟ್ ಚೆನ್ನಾಗಿ ಲೈಟ್ ಹಿಡಿಯತ್ತೆ ನೋಡಿ ಮೇಡಂ ಮುಖ" ಎಂದು ಕರೆದಳು. ನೋಡಿದೆ. ಕೆನ್ನೆಯ ಮೂಳೆಯ ಮೇಲೆ, ಹಣೆಯ ಅಂಚಿನಲ್ಲಿ ಬೆಳಕು ನಿಂತಿತ್ತು. ಆ ಹುಡುಗಿ ಸುಮ್ಮನೆ ತಿಳಿದುಕೊಳ್ಳಲೆಂದೇ ಕೇಳಿದಳು, "ನಿಮ್ ಕಾಲದ ಕ್ಯಾಮೆರಾದಲ್ಲಿ ಇದು ಆಗ್ತಿರ್ಲಿಲ್ಲ ಅಲ್ವಾ ಸಾರ್?"

ಸುಜಾತಾ ಕುರ್ಚಿಯಿಂದ ನನ್ನ ಕಡೆ ನೋಡಿದರು. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಆಗ್ತಿತ್ತಮ್ಮ," ಅಂದೆ. "ಲೈಟ್ ಮಾಡೋರು ಸ್ವಲ್ಪ ಕಷ್ಟಪಡ್ಬೇಕಿತ್ತು, ಅಷ್ಟೇ. ಆಗ್ತಿತ್ತು."

ಮೇಕಪ್ಪಿಗೆಂದು ಕೊಟ್ಟಿದ್ದ ಕೋಣೆಗೆ ಬಂದಾಗ ನಾವಿಬ್ಬರೇ ಇದ್ದೆವು. ನಾನು ನಿಂತುಕೊಂಡೇ ಹೇಳಿದೆ. ತಂಗಿಯ ಪಾತ್ರದ ವಿಷಯ, ನಿರ್ದೇಶಕರು ಕೇಳಿದ್ದು, ನಾನು ಬೇಡ ಎಂದದ್ದು, ಯಾಕೆ ಎಂದದ್ದು, ಎಲ್ಲ ಹೇಳಿದೆ.

"ನೀವು ಬೇಡ ಅಂದಿದ್ದು ಗೊತ್ತಿತ್ತು ಸಾರ್," ಎಂದರು ಕೊನೆಗೆ. "ಟೆಂಟಿನ ಪರದೆ ಆಚೆ ಸೀರೆ ಬದಲಾಯಿಸ್ತಿದ್ದೆ, ಕೇಳಿಸ್ತು. ಆದ್ರೆ ಅದು ಸುಳ್ಳು ಅಂತ ಗೊತ್ತಿರ್ಲಿಲ್ಲ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ನಿಜ ಅಂದ್ಕೊಂಡಿದ್ದೆ. ಕೆಲಸ ಗೊತ್ತಿರೋರು ಹೇಳಿದ್ದಲ್ವಾ? ಆಮೇಲೆ ಮೂರ್ನಾಲ್ಕು ಕಡೆ ಕರೆದ್ರು. ಕಂಠ ಕೊಡ್ತೀನಿ, ಮುಖ ಬೇಡ, ನನ್ ಮುಖಕ್ಕೆ ಲೈಟ್ ಹಿಡಿಯಲ್ಲ ಅಂತ ನಾನೇ ಹೇಳ್ಬುಟ್ಟೆ. ಮನೇಲಿ ಫೋಟೊ ತೆಗೆಯೋವಾಗ್ಲೂ ಬೆಳಕು ಸಾಲಲ್ಲ ಅಂತ ಕಿಟಕಿ ಹತ್ರ ಹೋಗಿ ನಿಂತ್ಕೋತಿದ್ದೆ. ನನ್ ಮದುವೆ ಆಲ್ಬಮ್ ನೋಡಿ ಬೇಕಾದ್ರೆ."

ಹಾಗೆನ್ನುವಾಗ ಅವರ ದನಿ ಏರಲಿಲ್ಲ. ಅವಕಾಶವೊಂದನ್ನು ತಪ್ಪಿಸಿದೆ, ನಾಲ್ಕು ಸೀನು, ಅಷ್ಟೇ ಎಂದು ಇಷ್ಟು ವರ್ಷ ಲೆಕ್ಕ ಹಾಕಿಕೊಂಡಿದ್ದೆ. ಒಬ್ಬಳಿಗೆ ಅವಳ ಮುಖದ ಬಗ್ಗೆಯೇ ಸುಳ್ಳು ಹೇಳಿ, ಅದನ್ನು ಅವಳು ಹೊತ್ತು ತಿರುಗುವ ಹಾಗೆ ಮಾಡಿದ್ದೇನೆ ಎಂದು ಅಂದುಕೊಂಡಿರಲಿಲ್ಲ.

"ತಪ್ಪಾಯ್ತಮ್ಮ," ಅಂದೆ.

"ನನಗೀಗ ಕೋಪ ಬರ್ತಿದೆ ಸಾರ್. ಆದ್ರೆ ಶಾಟ್ ಇದೆ. ಆಮೇಲೆ ಬರ್ಲಿ."

ನಾನು ಪೆಟ್ಟಿಗೆ ತೆರೆದು ಸ್ಪಂಜು ಒದ್ದೆ ಮಾಡಿಕೊಂಡು ಅವರ ಮುಖದ ಹತ್ತಿರ ಕೈ ಒಯ್ದೆ. ಅವರು ನನ್ನ ಕೈ ತಡೆದು, ಸ್ಪಂಜು ತೆಗೆದುಕೊಂಡರು.

"ನಾಟಕದಲ್ಲಿ ನಾನೇ ಹಚ್ಕೊಳ್ಳೋದು. ಇವತ್ತೂ ನಾನೇ ಹಚ್ಕೋತೀನಿ ಬುಡಿ. ನೀವು ಕನ್ನಡಿ ಹಿಡ್ಕೊಳಿ."

ಗೋಡೆಗೆ ಒರಗಿಸಿದ್ದ ಕನ್ನಡಿ ಎತ್ತಿ ಅವರ ಎದುರು ಹಿಡಿದೆ. ಅವರು ಕಿಟಕಿಯ ಬೆಳಕಿಗೆ ಬೆನ್ನು ಹಾಕಿ ಕೂತಿದ್ದರು. ಎದ್ದು ಕುರ್ಚಿ ತಿರುಗಿಸಿಕೊಂಡರು. ನಾನೂ ಕನ್ನಡಿಯೊಂದಿಗೆ ಸುತ್ತಿ ಬಂದು ನಿಂತೆ. ಹೊರಗಿನಿಂದ, "ಮೇಡಂ, ಶಾಟ್ ರೆಡಿ" ಎಂದು ಕರೆದರು.

"ಬಂದೆ ಇರಿ," ಎಂದರು, ಅವಸರ ಮಾಡಲಿಲ್ಲ. ಎಡಗೆನ್ನೆ, ಬಲಗೆನ್ನೆ, ಗಲ್ಲ, ಹಣೆ, ಒಂದೊಂದನ್ನೂ ಬೆಳಕಿಗೆ ತಿರುಗಿಸಿ ನೋಡಿಕೊಂಡರು. ಬಣ್ಣ ಹಚ್ಚಿದ್ದಕ್ಕಿಂತ ನೋಡಿಕೊಂಡದ್ದೇ ಹೆಚ್ಚು. ಮತ್ತೊಮ್ಮೆ ಕರೆ ಬಂತು. ನನ್ನ ತೋಳು ನೋಯುತ್ತಿತ್ತು. ಅವರು "ಸಾಕು" ಅನ್ನುವವರೆಗೂ ಹಿಡಿದುಕೊಂಡೇ ಇದ್ದೆ.